ಮ್ಯಾಟ್ ಮೇಲೆ ಬೌಲಿಂಗ್ ಮಾಡುವವನಿಗೆ ಎಂಥ ಶೂ ಬೇಕು? ನನ್ನ ಅನುಭವ

ಕ್ರಿಕೆಟ್ ಶೂ ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವ ಕಂಪನಿದು ಚೆನ್ನಾಗಿರುತ್ತೆ?" ಅಂತ. ನಾನು ತಿರುಗಿ ಕೇಳುತ್ತೇನೆ, "ನೀವು ಯಾವ ಪಿಚ್ ಮೇಲೆ ಆಡ್ತೀರಿ?" ಶೂ ವಿಷಯದಲ್ಲಿ ದುಡ್ಡು ಉಳಿಯುವುದೂ ಹಾಳಾಗುವುದೂ ಈ ಪ್ರಶ್ನೆಯಲ್ಲೇ.

ನಾನು ಶಿವಮೊಗ್ಗದಲ್ಲಿ ಭಾನುವಾರದ ಲೆದರ್ ಬಾಲ್ ಪಂದ್ಯಗಳನ್ನು ಆಡುವವನು. ಬಲಗೈ ಮಧ್ಯಮ ವೇಗಿ. ನಮ್ಮೂರ ನವುಲೆಯ ಕೆಎಸ್‌ಸಿಎ ಮೈದಾನದಲ್ಲಿ ರಣಜಿ ಪಂದ್ಯ ನಡೆಯುವಂಥ ಟರ್ಫ್ ವಿಕೆಟ್, ಅಂದರೆ ಹುಲ್ಲು-ಮಣ್ಣಿನ ಪಿಚ್ ಇದೆ. ಆದರೆ ನಮ್ಮಂಥವರ ಆಟ ಹೆಚ್ಚಾಗಿ ನಡೆಯುವುದು ಮ್ಯಾಟ್ ಮೇಲೆ, ಅಂದರೆ ಪಿಚ್ ಮೇಲೆ ಹಾಸಿದ ನಾರಿನ ಚಾಪೆಯ ಮೇಲೆ. ಪ್ರಾಕ್ಟೀಸ್ ಸಿಮೆಂಟ್ ಪಿಚ್‌ನಲ್ಲಿ. ಇವೆರಡಕ್ಕೂ ಲೋಹದ ಸ್ಪೈಕ್ಸ್, ಅಂದರೆ ಸೋಲ್ ಅಡಿಯ ಮೊಳೆಗಳು, ಆಗುವುದಿಲ್ಲ. ಮ್ಯಾಟ್ ಮೇಲೆ ಸ್ಪೈಕ್ಸ್ ನಾರಿಗೆ ಸಿಕ್ಕಿಕೊಳ್ಳುತ್ತದೆ, ಮ್ಯಾಟ್ ಹರಿಯುತ್ತದೆ, ಕಾಲೂ ತಿರುಚಬಹುದು. ಸಿಮೆಂಟ್ ಮೇಲಂತೂ ಜಾರುತ್ತದೆ. ಹಾಗಾಗಿ ನನಗೆ ಬೇಕಿದ್ದುದು ರಬ್ಬರ್ ಸ್ಟಡ್ ಶೂ. ಸೋಲ್ ತುಂಬ ಗಿಡ್ಡ ಗಿಡ್ಡ ರಬ್ಬರ್ ಗುಬುಟುಗಳಿರುವ ಶೂ ಇದು. ಹಸಿ ಹುಲ್ಲಿನ ಔಟ್‌ಫೀಲ್ಡ್‌ನಲ್ಲಿ ಸ್ಪೈಕ್ಸ್‌ನಷ್ಟು ಹಿಡಿತ ಸಿಗುವುದಿಲ್ಲ, ನಿಜ. ಆದರೆ ಒಣ ಮೈದಾನಕ್ಕೆ ಧಾರಾಳವಾಗಿ ಸಾಕು.

ನೀವು ಟರ್ಫ್ ಮೇಲೆ ಆಡುವವರಾದರೆ ಲೆಕ್ಕ ಬೇರೆ. ಬೌಲರ್‌ಗೆ ಮುಂದೆ, ಹಿಮ್ಮಡಿ ಎರಡೂ ಕಡೆ ಸ್ಪೈಕ್ಸ್ ಬೇಕು. ಬರೀ ಬ್ಯಾಟ್ಸ್‌ಮನ್ ಆದರೆ ಮುಂದೆ ಸ್ಪೈಕ್ಸ್, ಹಿಂದೆ ರಬ್ಬರ್ ಇರುವ ಹಾಫ್ ಸ್ಪೈಕ್ಸ್ ಹಗುರವಾಗಿರುತ್ತದೆ. ಸ್ಪೈಕ್ಸ್ ಬಿಚ್ಚಿ ಹಾಕಲು ಬರುವಂಥದ್ದೇ ತಗೊಳ್ಳಿ. ಸವೆದಾಗ ಅವನ್ನಷ್ಟೇ ಬದಲಾಯಿಸಿದರೆ ಆಯಿತು.

ಓಡುವ ಶೂ ಹಾಕಿಕೊಂಡೇ ಬೌಲಿಂಗ್ ಮಾಡುವ ಹುಡುಗರು ನಮ್ಮಲ್ಲಿ ಜಾಸ್ತಿ. ನನಗೆ ಇದು ನೋಡಿದರೆ ನಿಜವಾಗಲೂ ಚಿಂತೆಯಾಗುತ್ತದೆ. ಓಡುವ ಶೂ ನೇರ ಓಟಕ್ಕೆ ಮಾಡಿದ್ದು. ಅದರ ಅಡಿ ದಪ್ಪ, ಮೆತ್ತಗೆ. ಬೌಲಿಂಗ್‌ನಲ್ಲಿ ಕಾಲು ಅಡ್ಡ ಬೀಳುತ್ತದೆ, ತಿರುಗುತ್ತದೆ. ಆಗ ಮೆತ್ತನೆ ಸೋಲ್ ಒಂದು ಕಡೆಗೆ ವಾಲಿ ಪಾದದ ಗಂಟು ಹೊರಳುತ್ತದೆ. ವೇಗದ ಬೌಲರ್‌ಗಳ ಮುಂಗಾಲ (ಬಲಗೈಯವರಿಗೆ ಎಡಗಾಲು) ಮೇಲೆ ಚೆಂಡು ಬಿಡುವ ಹೊತ್ತಿಗೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ನಾವು ಅಷ್ಟು ವೇಗಿಗಳಲ್ಲ, ಆದರೂ ಒಂದು ಸ್ಪೆಲ್ ಮುಗಿಸುವಷ್ಟರಲ್ಲಿ ಹಿಮ್ಮಡಿಗೆ ಬೇಕಾದಷ್ಟು ಪೆಟ್ಟು ಬಿದ್ದಿರುತ್ತದೆ.

ಈಗ ಅಳತೆ ವಿಷಯ. ಇದಕ್ಕೆ ಸಮಯ ಕೊಡಿ, ನಾನು ಅಂಗಡಿಯಲ್ಲಿ ಜಾಸ್ತಿ ಹೊತ್ತು ಕಳೆಯುವುದೇ ಇದರಲ್ಲಿ. ಸಂಜೆ ಹೋಗುತ್ತೇನೆ. ದಿನವೆಲ್ಲ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಆಟದ ಮಧ್ಯೆಯೂ ಹಾಗೇ ಊದುತ್ತದೆ. ಆಡುವಾಗ ಹಾಕುವ ದಪ್ಪ ಸಾಕ್ಸನ್ನೇ ಜೊತೆಗೆ ಒಯ್ಯುತ್ತೇನೆ. ನಮ್ಮೂರ ಬಹಳ ಜನರ ಹಾಗೆ ನನ್ನದೂ ಅಗಲ ಪಾದ. ಉದ್ದ ಸರಿಯಿದ್ದರೂ ಕಿರುಬೆರಳ ಹತ್ತಿರ ಒತ್ತುತ್ತದೆ. ಇದನ್ನು ಕಂಡುಹಿಡಿಯಲು ಸುಲಭದ ದಾರಿ ಇದೆ. ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಬೆರಳೋ ಪಾದದ ಅಂಚೋ ಅದರಿಂದ ಆಚೆ ಬಂದರೆ ಆ ಶೂ ನಿಮ್ಮದಲ್ಲ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸರ್" ಅಂತ ಅಂಗಡಿಯವರು ಹೇಳುತ್ತಾರೆ. ಈಗಿನ ಸಿಂಥೆಟಿಕ್ ಶೂ ಹಳೆ ಚರ್ಮದ ಶೂನಂತೆ ಹಿಗ್ಗುವುದಿಲ್ಲ.

ಉದ್ದಕ್ಕೆ, ಅತಿ ಉದ್ದದ ಬೆರಳಿಗೂ ಶೂ ತುದಿಗೂ ನಡುವೆ ಹೆಬ್ಬೆರಳಿನಷ್ಟು ಜಾಗ ಇಡುತ್ತೇನೆ. ನಮ್ಮ ಅಂಗಡಿಗಳಲ್ಲಿ ಸಿಗುವ ಯುಕೆ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಹಾಗಾಗಿ ಎಂಟು ಬಿಗಿ, ಒಂಬತ್ತು ಸಡಿಲ ಅನ್ನಿಸಿದರೆ ಎಂಟೂವರೆ ಇದೆಯಾ ಕೇಳಿ. ಅದೂ ಇಲ್ಲದಿದ್ದರೆ ಬೇರೆ ಕಂಪನಿಯ ಎಂಟು ನೋಡಿ. ಎಲ್ಲರ ಎಂಟೂ ಒಂದೇ ಅಲ್ಲ.

ಆಮೇಲೆ ಅಂಗಡಿಯಲ್ಲೇ ಬೌಲಿಂಗ್ ಹೆಜ್ಜೆ ಹಾಕಿ ನೋಡುತ್ತೇನೆ. ಯಾರಾದರೂ ನೋಡಿದರೆ ನೋಡಲಿ. ಎಡಗಾಲು ಜೋರಾಗಿ ಊರಿದಾಗ ಬೆರಳು ಮುಂದಕ್ಕೆ ಹೋಗಿ ಬಡಿಯುತ್ತದಾ? ಬಡಿದರೆ ಕೆಲವೇ ವಾರದಲ್ಲಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಟಿವಿಯಲ್ಲಿ ಗಮನಿಸಿ, ಕೆಲವು ವೇಗದ ಬೌಲರ್‌ಗಳ ಮುಂಗಾಲ ಶೂನಲ್ಲಿ ಹೆಬ್ಬೆರಳ ಜಾಗಕ್ಕೆ ತೂತು ಮಾಡಿರುತ್ತಾರೆ. ಈ ನೋವು ತಪ್ಪಿಸುವುದಕ್ಕೇ ಅದು. ನಾವು ದುಡ್ಡು ಕೊಟ್ಟು ತಂದ ಶೂ ಕತ್ತರಿಸುವ ಬದಲು ಲೇಸ್ ಕಟ್ಟುವ ರೀತಿ ಬದಲಾಯಿಸಬಹುದು. ಮೇಲ್ತುದಿಯಲ್ಲಿ ಸ್ವಲ್ಪ ಹಿಂದಕ್ಕೆ ಒಂದು ಜಾಸ್ತಿ ತೂತು ಇರುತ್ತದಲ್ವಾ? ಅದರಲ್ಲಿ ಲೇಸನ್ನು ಅದೇ ಬದಿಯಲ್ಲಿ ಪೋಣಿಸಿ ಸಣ್ಣ ಕುಣಿಕೆ ಮಾಡಿ. ಎದುರು ಬದಿಯ ಲೇಸ್ ತುದಿಯನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡುವುದಿಲ್ಲ, ಬೆರಳು ಮುಂದೆ ಜಾರುವುದೂ ಕಡಿಮೆಯಾಗುತ್ತದೆ.

ಶೂ ಕೈಯಲ್ಲಿ ಹಿಡಿದೂ ನೋಡಬೇಕು. ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಬೇಡ. ಹಿಮ್ಮಡಿಯ ಹಿಂಭಾಗ ಹಿಸುಕಿದರೆ ಗಟ್ಟಿಯಾಗಿರಬೇಕು. ಬಲಗೈ ಬೌಲರ್‌ಗಳ ಬಲಗಾಲ ತುದಿ ಚೆಂಡು ಬಿಡುವಾಗ ನೆಲಕ್ಕೆ ಉಜ್ಜುತ್ತದೆ. ಮ್ಯಾಟ್ ಮೇಲೆ ಇದು ಅರದಿಂದ ಉಜ್ಜಿದ ಹಾಗೆ. ಆದ್ದರಿಂದ ತುದಿಗೆ ಗಟ್ಟಿ ರಬ್ಬರ್ ಕವಚ ಇರುವ ಶೂನೇ ಆರಿಸುತ್ತೇನೆ. ಮುಂದೆಲ್ಲ ಬಲೆಬಟ್ಟೆ ಇರುವ ಶೂ ಗಾಳಿಯಾಡುತ್ತದೆ, ಚೆಂದವೂ ಇರುತ್ತದೆ, ಆದರೆ ಬೌಲರ್‌ಗೆ ಬಾಳುವುದಿಲ್ಲ.

ಬೆಲೆ ಹೇಗೆ? ಎಸ್‌ಜಿ, ಡಿಎಸ್‌ಸಿ, ನಿವಿಯಾದಂಥ ನಮ್ಮ ದೇಶದ ಕಂಪನಿಗಳ ರಬ್ಬರ್ ಸ್ಟಡ್ ಶೂಗಳಲ್ಲಿ ಎರಡು ಎರಡೂವರೆ ಸಾವಿರದೊಳಗೆ ಒಳ್ಳೆಯವು ಸಿಗುತ್ತವೆ. ಡೆಕಾಥ್ಲಾನ್‌ನ ಕ್ರಿಕೆಟ್ ಶೂ ಕೂಡ ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ಗೆರೆಯ ಆಸುಪಾಸಿನ ಶೂ ಕೊಳ್ಳುವಾಗ ಇದನ್ನು ನೆನಪಿಡಿ. ವಿದೇಶಿ ಕಂಪನಿಗಳ ಶೂ ಚೆನ್ನಾಗಿಲ್ಲ ಅಂತಲ್ಲ. ವಾರಕ್ಕೊಮ್ಮೆ ಮ್ಯಾಟ್ ಮೇಲೆ ಆಡುವವರಿಗೆ ಅಷ್ಟು ಖರ್ಚು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಣ್ಣದಲ್ಲಿ ಬಿಳಿಯೇ ಇರಲಿ, ಬಿಳಿ ಉಡುಪಿನ ಪಂದ್ಯಕ್ಕೂ ಬಣ್ಣದ ಉಡುಪಿನ ಪಂದ್ಯಕ್ಕೂ ನಡೆಯುತ್ತದೆ.

ಹೊಸ ಶೂ ತಂದ ಮೇಲೆ ನಾನು ಮನೆಗೆ ಹೋಗುವ ಮೊದಲು ಚಪ್ಪಲಿ ಹೊಲಿಯುವವರ ಹತ್ತಿರ ಹೋಗುತ್ತೇನೆ. ಸೋಲ್ ಸುತ್ತ ಹೊಲಿಗೆ ಹಾಕಿಸುತ್ತೇನೆ. ಕಡಿಮೆ ಬೆಲೆಯ ಶೂಗಳಲ್ಲಿ ಸೋಲ್ ನಿಂತಿರುವುದು ಬರೀ ಗಮ್ ಮೇಲೆ. "ಹೊಸದಿರುವಾಗ್ಲೇ ಹಾಕಿಸ್ಬಿಡಿ ಸರ್, ಬಾಯಿ ಬಿಟ್ಮೇಲೆ ಮಣ್ಣು ಸೇರ್ಕೊಂಡು ಗಮ್ ಹಿಡಿಯಲ್ಲ" ಅಂತ ಅವರು ಹೇಳಿದ ಮಾತು ನೂರಕ್ಕೆ ನೂರು ಸರಿ. ಸೋಲ್ ಕಿತ್ತುಬರುವ ಕಷ್ಟ ನಮಗಷ್ಟೇ ಅಲ್ಲ. 2021ರ ಮೇ ತಿಂಗಳಲ್ಲಿ ಜಿಂಬಾಬ್ವೆ ಆಟಗಾರ ರಯಾನ್ ಬರ್ಲ್ ತಮ್ಮ ಹರಿದ ಶೂ, ಪಕ್ಕದಲ್ಲಿ ಗಮ್ ಇರುವ ಫೋಟೋ ಹಾಕಿ ಪ್ರಾಯೋಜಕರು ಸಿಗಬಹುದಾ ಅಂತ ಕೇಳಿದ್ದರು. ಪೂಮಾ ಕಂಪನಿ ಮುಂದೆ ಬಂತು. ನಮಗೆ ಯಾರೂ ಬರುವುದಿಲ್ಲ, ಹೊಲಿಗೆಯೇ ಗತಿ.

ನಮ್ಮ ಮಲೆನಾಡ ಮಳೆಯಲ್ಲಿ ಶೂ ಒದ್ದೆಯಾಗದೆ ಇರುವುದಿಲ್ಲ. ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೆ ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡಿ. ಪೇಪರ್ ಒದ್ದೆಯಾದಂತೆ ಬದಲಾಯಿಸಿ. ಬಿಸಿಲಿಗೆ, ಒಲೆ ಹತ್ತಿರ, ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಕಾವಿಗೆ ಗಮ್ ಬಿಡುತ್ತದೆ.

ಮಕ್ಕಳಿಗೆ ಕೊಳ್ಳುವವರಿಗೆ ಒಂದು ಮಾತು. ಬೆಳೆಯುವ ಕಾಲು ಅಂತ ಎರಡು ನಂಬರ್ ದೊಡ್ಡದು ತರಬೇಡಿ. ಒಳಗೆ ಕಾಲು ಜಾರಿ ಗುಳ್ಳೆ ಬರುತ್ತದೆ, ಓಡುವಾಗ ಎಡವುತ್ತಾರೆ. ಸರಿಯಾದ ಅಳತೆಯ, ಕಡಿಮೆ ಬೆಲೆಯ ರಬ್ಬರ್ ಸ್ಟಡ್ ಕೊಡಿಸಿ. ಚಿಕ್ಕದಾದ ಶೂ ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ನಮ್ಮ ತಂಡದಲ್ಲಿ ಅದನ್ನು ತೊಳೆದು, ಹೊಸ ಇನ್‌ಸೋಲ್ ಹಾಕಿ, ಅಳತೆ ಕೂಡುವ ಇನ್ನೊಬ್ಬ ಹುಡುಗನಿಗೆ ಕೊಡುತ್ತೇವೆ. ನಿಮ್ಮಲ್ಲೂ ಹೀಗೆ ಮಾಡಬಹುದು.