ಆಗಿಂದಾಗ ಹುಟ್ಟುವ ಪುಟಗಳಿಗೆ ಯಾವ ಕಂಪ್ರೆಷನ್? ನನ್ನ ಅನುಭವ

ಲಾಗಿನ್ ಆದವರಿಗೆ ಅವರವರದೇ ಪುಟ ಕಟ್ಟಿಕೊಡುವ ಜಾಲತಾಣವೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹುಡುಕಾಟದ ಫಲಿತಾಂಶ, ವರದಿಯ ಕೋಷ್ಟಕ, ಖಾತೆಯ ವಿವರ ಎಲ್ಲವೂ ಕೋರಿಕೆ ಬಂದ ಮೇಲೆಯೇ ತಯಾರಾಗುತ್ತವೆ, ಒಬ್ಬರಿಗೆ ಕಳಿಸಿದ್ದು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಡತಗಳದ್ದು ಸುಲಭದ ಪಾಡು. ತಾಣವನ್ನು ಸಿದ್ಧಪಡಿಸುವ ಬಿಲ್ಡ್ ಸಮಯದಲ್ಲಿ ಬ್ರಾಟ್ಲಿ ಎಂಬ ಕಂಪ್ರೆಷನ್ (ಕುಗ್ಗಿಸುವ) ವಿಧಾನದ 11ನೇ, ಅಂದರೆ ಅತಿ ಹೆಚ್ಚು ಕುಗ್ಗಿಸುವ ಮಟ್ಟದಲ್ಲಿ ಒಮ್ಮೆ ಕುಗ್ಗಿಸಿಟ್ಟರೆ ಆಮೇಲೆ ಎಷ್ಟು ಸಲ ಕಳಿಸಿದರೂ ಖರ್ಚಿಲ್ಲ. ಆಗಿಂದಾಗ ಹುಟ್ಟುವ ಪುಟಕ್ಕೆ ಆ ಖರ್ಚು ಪ್ರತಿ ಸಲವೂ ಬೀಳುತ್ತದೆ, ಅದೂ ಬಳಕೆದಾರ ಕಾದು ಕುಳಿತಿರುವಾಗಲೇ.

ಕಣದಲ್ಲಿದ್ದದ್ದು ಮೂರು ವಿಧಾನಗಳು. ಜಿಝಿಪ್ ಹಳೆಯ ಆಳು. ಅದರ ವಿವರಣೆ ಇರುವ ಆರ್‌ಎಫ್‌ಸಿ (ಅಂತರಜಾಲದ ತಾಂತ್ರಿಕ ದಾಖಲೆ) 1952 ಬಂದದ್ದು 1996ರಲ್ಲಿ. ಮೊದಲು ಬಂದದ್ದೇ ಮತ್ತೆ ಬಂದಿದೆಯೇ ಎಂದು ಅದು ಹಿಂತಿರುಗಿ ನೋಡುವುದು 32 ಕಿಲೋಬೈಟ್‌ಗಳಷ್ಟನ್ನು ಮಾತ್ರ, ಇದೇ ಅದರ ಕಿಟಕಿ. ಬ್ರಾಟ್ಲಿ 2016ರಲ್ಲಿ ಆರ್‌ಎಫ್‌ಸಿ 7932 ಆಗಿ ಪ್ರಕಟವಾಯಿತು. ಅದರ ಕಿಟಕಿ 16 ಮೆಗಾಬೈಟ್‌ವರೆಗೂ ತೆರೆದುಕೊಳ್ಳುತ್ತದೆ, ಜೊತೆಗೆ ಸುಮಾರು 120 ಕಿಲೋಬೈಟ್‌ಗಳ ಸಿದ್ಧ ನಿಘಂಟು ಒಳಗೇ ಇದೆ. ಎಚ್‌ಟಿಎಂಎಲ್ ತುಣುಕುಗಳೂ ಆ ನಿಘಂಟಿನಲ್ಲಿರುವುದರಿಂದ ಚಿಕ್ಕ ಪುಟಗಳಿಗೆ ಮೊದಲ ಸಾಲಿನಿಂದಲೇ ಲಾಭ ಸಿಗುತ್ತದೆ. ಮೂರನೆಯದು ಝಡ್‌ಸ್ಟ್ಯಾಂಡರ್ಡ್. ಕುಗ್ಗಿಸುವುದರಲ್ಲೂ ಬಿಚ್ಚುವುದರಲ್ಲೂ ವೇಗಿ, ಆದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು ಒಪ್ಪಿಕೊಂಡದ್ದು 2024ರಲ್ಲಷ್ಟೇ.

ಅಂತರಜಾಲದಲ್ಲಿ ಸಿಗುವ ಹೋಲಿಕೆ ಪಟ್ಟಿಗಳನ್ನು ನಾನು ಬದಿಗಿಟ್ಟೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಪಠ್ಯ ಕಡತಗಳನ್ನು ಅಳೆಯುತ್ತವೆ. ನನ್ನಲ್ಲಿರುವುದು ಒಂದೇ ಬಗೆಯ ಸಾಲುಗಳು ಮತ್ತೆ ಮತ್ತೆ ಬರುವ ಕೋಷ್ಟಕಗಳು. ಆದ್ದರಿಂದ ನಮ್ಮದೇ ಪುಟಗಳ ಮಾದರಿಗಳನ್ನು, ಖಾಸಗಿ ವಿವರ ಅಳಿಸಿ, ಚಿಕ್ಕದು, ನಡುಗಾತ್ರದ್ದು, ದೈತ್ಯ ಎಂದು ವಿಂಗಡಿಸಿ ತೆಗೆದುಕೊಂಡೆ. ಕಮಾಂಡ್ ಸಾಲಿನಿಂದ ಒಂದೊಂದೇ ಕಡತವನ್ನು ಓಡಿಸಿ ಕಾಲ ಅಳೆದರೆ ಪ್ರೋಗ್ರಾಂ ಶುರುವಾಗುವ ಸಮಯವೇ ಲೆಕ್ಕವನ್ನು ನುಂಗಿಬಿಡುತ್ತದೆ. ಅದಕ್ಕಾಗಿ ಎಲ್ಲ ವಿಧಾನಗಳನ್ನೂ ಒಂದೇ ಪ್ರಕ್ರಿಯೆಯೊಳಗೆ, ಮೆಮೊರಿಯಲ್ಲೇ ಸುತ್ತಿಸುವ ಎಲ್‌ಝಡ್‌ಬೆಂಚ್ ಬಳಸಿದೆ.

ಕಂಡದ್ದು ಇದು: ವಿಧಾನದ ಹೆಸರಿಗಿಂತ ಮಟ್ಟದ ಸಂಖ್ಯೆಯೇ ಹೆಚ್ಚು ಮುಖ್ಯ. ಜಿಝಿಪ್‌ನ 6ರಿಂದ 9ಕ್ಕೆ ಹೋದರೆ ಗಾತ್ರ ಕೂದಲೆಳೆಯಷ್ಟು ಇಳಿಯುತ್ತದೆ, ಸಮಯ ಮಾತ್ರ ಏರುತ್ತದೆ. ಬ್ರಾಟ್ಲಿಯ 4 ಅಥವಾ 5, ಜಿಝಿಪ್ 6ರ ಆಸುಪಾಸಿನ ಸಮಯದಲ್ಲೇ ಅದಕ್ಕಿಂತ ಚಿಕ್ಕ ಪುಟ ಕೊಡುತ್ತದೆ. 10 ಮತ್ತು 11 ಮಾತ್ರ ಬೇರೆ ಜಾತಿಯವು, ದೊಡ್ಡ ಪುಟಕ್ಕೆ ಅವನ್ನು ಹಚ್ಚಿದರೆ ಪುಟ ತಯಾರಿಸುವುದಕ್ಕಿಂತ ಕುಗ್ಗಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಬ್ರಾಟ್ಲಿ ನಿಧಾನ ಎಂದು ದೂರುವವರು ಸಾಮಾನ್ಯವಾಗಿ 11 ಅನ್ನು ನೋಡಿ ಬಂದವರು.

ಗಾತ್ರ ಎಷ್ಟು ಇಳಿದರೆ ಬಳಕೆದಾರನಿಗೆ ಗೊತ್ತಾಗುತ್ತದೆ? ಶೇಕಡಾವಾರು ಲೆಕ್ಕ ಇದನ್ನು ಹೇಳುವುದಿಲ್ಲ, ಪುಟವನ್ನು ಪ್ಯಾಕೆಟ್‌ಗಳಾಗಿ ಸಾಗಿಸುವ ಟಿಸಿಪಿ ಹೇಳುತ್ತದೆ. 2013ರ ಆರ್‌ಎಫ್‌ಸಿ 6928ರ ಪ್ರಕಾರ ಹೊಸ ಸಂಪರ್ಕದಲ್ಲಿ ಉತ್ತರಕ್ಕೆ ಕಾಯದೆ ಮೊದಲ ಸರದಿಯಲ್ಲಿ 10 ಪ್ಯಾಕೆಟ್ ಕಳಿಸಬಹುದು. ಒಂದೊಂದರಲ್ಲಿ 1460 ಬೈಟ್ ಎಂದರೂ ಒಟ್ಟು ಸುಮಾರು 14 ಕಿಲೋಬೈಟ್. ಎರಡನೇ ಸರದಿಯಲ್ಲಿ ಇದರ ಎರಡರಷ್ಟು, ಮೂರನೆಯದರಲ್ಲಿ ನಾಲ್ಕರಷ್ಟು. ಅಂದರೆ ಮೆಟ್ಟಿಲುಗಳು ಸರಿಸುಮಾರು 14, 43, 100 ಕಿಲೋಬೈಟ್‌ಗಳಲ್ಲಿವೆ. ಪುಟ 40ರಿಂದ 34ಕ್ಕೆ ಇಳಿದರೆ ಬಳಕೆದಾರನಿಗೆ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. 48ರಿಂದ 41ಕ್ಕೆ ಇಳಿದರೆ ಒಂದು ಇಡೀ ಸುತ್ತಿನ ಕಾಯುವಿಕೆ ಉಳಿಯುತ್ತದೆ. ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಮತ್ತು ಉತ್ತರದ ಜೊತೆ ಹೋಗುವ ಹೆಡರ್‌ಗಳು ಈ ಲೆಕ್ಕವನ್ನು ಅಷ್ಟಿಷ್ಟು ಕದಲಿಸುತ್ತವೆ, ಹಳೆಯ ಸಂಪರ್ಕವೇ ಮುಂದುವರಿದಿದ್ದರೆ ಒಂದು ಸರದಿಯಲ್ಲಿ ಕಳಿಸಬಹುದಾದ ಮಿತಿ ಆಗಲೇ ಬೆಳೆದಿರುತ್ತದೆ. ಆದರೂ ನನ್ನ ಮಾದರಿ ಪುಟಗಳನ್ನು ಈ ಮೆಟ್ಟಿಲುಗಳ ಮೇಲೆ ಇಟ್ಟು ನೋಡಿದಾಗ ಚಿತ್ರ ತಿಳಿಯಾಯಿತು. ಜಿಝಿಪ್‌ನಿಂದ ಬ್ರಾಟ್ಲಿ 5ಕ್ಕೆ ಬಂದಾಗ ವರದಿ ಪುಟಗಳಲ್ಲಿ ಹಲವು ಒಂದು ಮೆಟ್ಟಿಲು ಕೆಳಗಿಳಿದವು. ಅಲ್ಲಿಂದ 6ಕ್ಕೆ ಏರಿಸಿದಾಗ ಹಾಗೆ ಇಳಿದವು ವಿರಳ. ನಾನು 5ಕ್ಕೇ ನಿಂತೆ. ಬ್ರಾಟ್ಲಿಯನ್ನು ಬ್ರೌಸರ್‌ಗಳು ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಕೇಳುತ್ತವೆ, ಅದನ್ನು ಅರಿಯದ ಸ್ಕ್ರಿಪ್ಟ್‌ಗಳು ಮತ್ತು ಬಾಟ್‌ಗಳು ಇನ್ನೂ ಇವೆ. ಅವುಗಳಿಗೆ ಜಿಝಿಪ್ ಉಳಿಸಿಕೊಂಡೆ.

ಎಲ್ಲಿ ಕುಗ್ಗಿಸಬೇಕು ಎಂಬುದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ: ಅಪ್ಲಿಕೇಶನ್ನಿನ ಮುಂದೆ ನಿಂತು ಕೋರಿಕೆಗಳನ್ನು ಪಡೆಯುವ ಪ್ರಾಕ್ಸಿ ಸರ್ವರ್‌ನಲ್ಲಿ, ಅಪ್ಲಿಕೇಶನ್ನಿನೊಳಗೆ ಬೇಡ. ಅಂಥ ಪ್ರಾಕ್ಸಿಯಾದ ಎಂಜಿನ್‌ಎಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಜಿಝಿಪ್ ಆಫ್ ಆಗಿರುತ್ತದೆ. ಆನ್ ಮಾಡಿದರೂ ಮಟ್ಟ 1, ಎಚ್‌ಟಿಎಂಎಲ್ ಒಂದಕ್ಕೇ ಅನ್ವಯ, 20 ಬೈಟ್‌ಗಿಂತ ದೊಡ್ಡದೆಲ್ಲವನ್ನೂ ಕುಗ್ಗಿಸುತ್ತದೆ. ಮೂರನ್ನೂ ಬದಲಿಸಿದೆ. ಒಂದೇ ಪ್ಯಾಕೆಟ್‌ನಲ್ಲಿ ಹಿಡಿಸುವ ಉತ್ತರವನ್ನು ಕುಗ್ಗಿಸಿ ಗಳಿಸುವುದೇನೂ ಇಲ್ಲ, ಹಾಗಾಗಿ ಕನಿಷ್ಠ ಮಿತಿ ಒಂದು ಕಿಲೋಬೈಟ್ ಎಂದಿಟ್ಟೆ. ಒಂದೊಂದು ವಿಧಾನದ ಪ್ರತಿಯನ್ನೂ ಬೇರೆಯಾಗಿಡು ಎಂದು ಕ್ಯಾಶ್‌ಗೆ ಹೇಳುವ ವೇರಿ ಹೆಡರ್ ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡೆ. ಅದು ಇಲ್ಲದಿದ್ದರೆ ನಡುವಿನ ಕ್ಯಾಶ್ ಬ್ರಾಟ್ಲಿ ಪ್ರತಿಯನ್ನು ಅದು ಅರ್ಥವಾಗದವರಿಗೂ ಹಂಚಿಬಿಡಬಹುದು.

ಮೆಮೊರಿಯನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಿಝಿಪ್‌ನ ಕೆಲಸ ಮಾಡುವ ಝಡ್‌ಲಿಬ್ ಲೈಬ್ರರಿ ಮೂಲ ಸೆಟ್ಟಿಂಗ್‌ನಲ್ಲಿ ಒಂದು ಉತ್ತರವನ್ನು ಕುಗ್ಗಿಸಲು ಸುಮಾರು 256 ಕಿಲೋಬೈಟ್ ಬೇಡುತ್ತದೆ. ಬ್ರಾಟ್ಲಿಯ ಕಿಟಕಿ ಹಿರಿದಾದಷ್ಟೂ ಬೇಡಿಕೆ ಹೆಚ್ಚು. ದಟ್ಟಣೆಯ ಹೊತ್ತಿನಲ್ಲಿ ಸಾವಿರ ಉತ್ತರಗಳು ಒಟ್ಟಿಗೆ ಹೊರಟರೆ ಜಿಝಿಪ್ ಒಂದೇ 250 ಮೆಗಾಬೈಟ್ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಪುಟಗಳಿಗೆ 16 ಮೆಗಾಬೈಟ್ ಕಿಟಕಿಯ ಅಗತ್ಯವೇ ಇರಲಿಲ್ಲ, 512 ಕಿಲೋಬೈಟ್ ಸಾಕಾಯಿತು.

ತುಂಡುತುಂಡಾಗಿ ಹರಿಯುವ ಪುಟಗಳನ್ನು ಪ್ರತ್ಯೇಕವಾಗಿ ನೋಡಬೇಕಾಯಿತು. ತಲೆಯ ಭಾಗವನ್ನು ಮೊದಲೇ ಕಳಿಸಿ, ಡೇಟಾಬೇಸ್ ಉತ್ತರಿಸಿದ ಮೇಲೆ ಉಳಿದದ್ದನ್ನು ಕಳಿಸುವ ವ್ಯವಸ್ಥೆ ನಮ್ಮಲ್ಲಿದೆ. ಕುಗ್ಗಿಸುವ ಯಂತ್ರ ಬೈಟ್‌ಗಳನ್ನು ಒಳಗೇ ಕೂಡಿಟ್ಟುಕೊಂಡರೆ ಆ ಉಪಾಯವೆಲ್ಲ ವ್ಯರ್ಥ. ಪ್ರತಿ ತುಂಡಿನ ಕೊನೆಗೆ ಫ್ಲಶ್ ಮಾಡಿದರೆ, ಅಂದರೆ ಕೂಡಿಟ್ಟದ್ದನ್ನು ಕೂಡಲೇ ಹೊರಕಳಿಸಿದರೆ, ಗಾತ್ರ ತುಸು ಹೆಚ್ಚುತ್ತದೆ, ಆದರೆ ಬ್ರೌಸರ್ ಬೇಗ ಕೆಲಸ ಶುರುಮಾಡುತ್ತದೆ. ನಾನು ಎರಡನೆಯದನ್ನೇ ಆರಿಸಿಕೊಂಡೆ. ಕ್ಷಣಕ್ಷಣದ ಸೂಚನೆ ಕಳಿಸುವ ಇವೆಂಟ್ ಸ್ಟ್ರೀಮ್‌ಗಳನ್ನು ಕುಗ್ಗಿಸುವ ಪಟ್ಟಿಯಿಂದಲೇ ಹೊರಗಿಟ್ಟೆ.

ಇನ್ನು ಭದ್ರತೆ. 2013ರಲ್ಲಿ ಬಯಲಿಗೆ ಬಂದ ಬ್ರೀಚ್ ದಾಳಿ ಇಂಥ ಪುಟಗಳನ್ನೇ ಗುರಿ ಮಾಡುತ್ತದೆ. ಬಳಕೆದಾರ ಕೊಟ್ಟ ಪಠ್ಯವೂ ಗುಟ್ಟಿನ ಟೋಕನ್ನೂ ಒಂದೇ ಪುಟದಲ್ಲಿದ್ದರೆ, ದಾಳಿಕೋರ ಆ ಪಠ್ಯದಲ್ಲಿ ತೂರಿಸಿದ ಊಹೆ ಸರಿಯಾದಾಗಲೆಲ್ಲ ಪುಟ ಒಂದಿಷ್ಟು ಚಿಕ್ಕದಾಗುತ್ತದೆ. ಆ ಅಂತರವನ್ನು ಅಳೆಯುತ್ತಾ ಟೋಕನ್ನನ್ನು ಅಕ್ಷರ ಅಕ್ಷರವಾಗಿ ಕದಿಯಬಹುದು. ವಿಧಾನ ಬದಲಿಸಿದರೆ ಇದು ಹೋಗುವುದಿಲ್ಲ, ಬ್ರಾಟ್ಲಿಗೂ ಇದೇ ದೌರ್ಬಲ್ಯ. ಜಾಲತಾಣ ಕಟ್ಟಲು ಬಳಸುವ ಜಾಂಗೊ ತನ್ನ 1.10 ಆವೃತ್ತಿಯಿಂದ ಫಾರ್ಮ್‌ಗಳನ್ನು ಕಾಯುವ ಸಿಎಸ್‌ಆರ್‌ಎಫ್ ಟೋಕನ್ನನ್ನು ಪ್ರತಿ ಸಲ ಹೊಸ ಮುಸುಕಿನಲ್ಲಿ ಕಳಿಸುತ್ತದೆ. ನಮ್ಮ ಫಾರ್ಮ್‌ಗಳಲ್ಲೂ ಆ ಪದ್ಧತಿಯನ್ನೇ ತಂದೆ. ಮುಸುಕು ಹಾಕಲಾಗದ ಗುಟ್ಟು ಇರುವ ಒಂದೆರಡು ಪುಟಗಳನ್ನು ಕುಗ್ಗಿಸದೆಯೇ ಕಳಿಸುತ್ತೇನೆ.

ಝಡ್‌ಸ್ಟ್ಯಾಂಡರ್ಡ್ ಅನ್ನು ಬ್ರೌಸರ್‌ಗಳಿಗೆ ಸದ್ಯ ಕೊಡುತ್ತಿಲ್ಲ. ಬ್ರಾಟ್ಲಿ 5 ಕೊಡುವ ಗಾತ್ರಕ್ಕೆ ನಮ್ಮ ಸಿಪಿಯು ಸುಸ್ತಾಗುತ್ತಿಲ್ಲ, ಕ್ಯಾಶ್‌ನಲ್ಲಿ ಮೂರನೇ ಪ್ರತಿ ಸಾಕುವ ಉತ್ಸಾಹವೂ ನನಗಿಲ್ಲ. ಎರಡೂ ತುದಿಗಳು ನಮ್ಮ ಕೈಯಲ್ಲೇ ಇರುವ ಒಳಗಿನ ಸೇವೆಗಳ ನಡುವೆ ಮಾತ್ರ ಅದರ 3ನೇ ಮಟ್ಟವನ್ನು ಓಡಿಸುತ್ತಿದ್ದೇನೆ. ಅಲ್ಲಿ ಓಡಾಡುವುದು ಜೇಸನ್ ರೂಪದ ಪುಟ್ಟ ಮಾಹಿತಿ ತುಣುಕುಗಳು. ಅವುಗಳ ಮಾದರಿಗಳಿಂದ ನಿಘಂಟೊಂದನ್ನು ತರಬೇತಿ ಮಾಡಿ ಎರಡೂ ಕಡೆ ಇಟ್ಟಿದ್ದೇನೆ. ತುಣುಕುಗಳ ರಚನೆ ಬದಲಾದಾಗ ನಿಘಂಟನ್ನೂ ಹೊಸದಾಗಿ ಕಟ್ಟಿ, ಹಳೆಯದನ್ನು ಎಲ್ಲ ಸೇವೆಗಳೂ ಬಿಟ್ಟ ಮೇಲಷ್ಟೇ ತೆಗೆದುಹಾಕುತ್ತೇನೆ.