ಓದಿದ ಯೂನಿವರ್ಸಿಟಿ ದೇಣಿಗೆ ಕೇಳಿದಾಗ ಹಾಕಬೇಕಾದ ಲೆಕ್ಕ

ಅಮೆರಿಕದಲ್ಲಿ ಓದು ಮುಗಿಸಿದವರಿಗೆ ಶಿಕ್ಷಣ ಸಾಲದ ಮೊದಲ ಕಂತಿನ ನೋಟಿಸೂ ದೇಣಿಗೆ ಕೇಳುವ ಮೊದಲ ಇಮೇಲೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ವರ್ಷಕ್ಕೆ ನಲವತ್ತು, ಐವತ್ತು ಸಾವಿರ ಡಾಲರ್ ಸುರಿದವರನ್ನು ಮತ್ತೆ ಕೇಳಿದರೆ ಮೈ ಉರಿಯುವುದು ಸಹಜ. ಆದರೆ ಸಿಟ್ಟಿನಲ್ಲಿ ಇಮೇಲ್ ಅಳಿಸುವುದರಿಂದಾಗಲಿ, ಮುಲಾಜಿಗೆ ಬಿದ್ದು ಐವತ್ತು ಡಾಲರ್ ಒತ್ತುವುದರಿಂದಾಗಲಿ ಪ್ರಯೋಜನವಿಲ್ಲ. ಮೊದಲು ಅವರು ಯಾಕೆ ಕೇಳುತ್ತಾರೆ ಎಂದು ತಿಳಿಯಬೇಕು. ಆಮೇಲೆ ಕೊಡುವುದೋ ಬಿಡುವುದೋ, ಯಾವ ಖಾತೆಗೆ, ಯಾವ ದಾರಿಯಲ್ಲಿ ಎಂಬುದನ್ನು ಅರ್ಧ ಗಂಟೆಯಲ್ಲಿ ತೀರ್ಮಾನಿಸಬಹುದು.

ಫೀಸು ಸಾಲದೇ?

ಖಾಸಗಿ ಕಾಲೇಜುಗಳ ವೆಬ್‌ಸೈಟಿನಲ್ಲಿ ಕಾಣುವ ಫೀಸನ್ನು ಪೂರ್ತಿ ಕಟ್ಟುವವರು ಕಡಿಮೆ. ಲಾಭರಹಿತ ಖಾಸಗಿ ಕಾಲೇಜುಗಳು ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಕೊಡುವ ರಿಯಾಯಿತಿ ಸರಾಸರಿ ಅರ್ಧಕ್ಕಿಂತ ಹೆಚ್ಚಾಗಿದೆ. 60,000 ಡಾಲರ್ ಎಂದು ಬರೆದಿದ್ದರೂ ತಲಾ 30,000 ಕೂಡ ಕೈಗೆ ಬರದ ಕಾಲೇಜುಗಳು ಬೇಕಾದಷ್ಟಿವೆ. ಈ ರಿಯಾಯಿತಿಯ ಬಹುಪಾಲಿಗೆ ಹಿಂದೆ ಯಾವ ನಿಧಿಯೂ ಇರುವುದಿಲ್ಲ. ಅದು ಬಾರದ ಆದಾಯ, ಅಷ್ಟೇ. ಪೂರ್ತಿ ಫೀಸು ಕಟ್ಟಿದವರಿಗೆ, ಅದರಲ್ಲೂ ಹೊರದೇಶದಿಂದ ಮಾಸ್ಟರ್ಸ್‌ಗೆ ಬಂದವರಿಗೆ, ಈ ಮಾತು ಸಮಾಧಾನ ತರುವುದಿಲ್ಲ. ಅವರ ಹಣದಿಂದಲೇ ಉಳಿದವರ ರಿಯಾಯಿತಿ ನಡೆಯುತ್ತದೆ ಎನ್ನುವುದು ಹಲವು ಕಡೆ ನಿಜ. ರಾಜ್ಯ ಸರ್ಕಾರದ ಯೂನಿವರ್ಸಿಟಿಗಳ ಕಥೆ ಬೇರೆ: 2008ರ ಆರ್ಥಿಕ ಕುಸಿತದ ನಂತರ ಹಲವು ರಾಜ್ಯಗಳು ಅನುದಾನ ಕಡಿತ ಮಾಡಿದವು, ಆ ಅಂತರವನ್ನು ಫೀಸಿನಿಂದ ತುಂಬಿದರು.

ಹಾಗಂತ ದೇಣಿಗೆ ಕೇಳುವುದು ಫೀಸು ಏರಿದ್ದರಿಂದ ಹುಟ್ಟಿದ ಅಭ್ಯಾಸವಲ್ಲ. ಹಾರ್ವರ್ಡ್‌ಗೆ ಆ ಹೆಸರು ಬಂದದ್ದೇ 1638ರಲ್ಲಿ ಜಾನ್ ಹಾರ್ವರ್ಡ್ ತನ್ನ ಅರ್ಧ ಆಸ್ತಿಯನ್ನೂ ಸುಮಾರು 400 ಪುಸ್ತಕಗಳನ್ನೂ ಬಿಟ್ಟುಹೋದದ್ದರಿಂದ. ಹಳೆ ವಿದ್ಯಾರ್ಥಿಗಳಿಂದ ವರ್ಷವರ್ಷ ಹಣ ಎತ್ತುವ ನಿಧಿಯನ್ನು ಯೇಲ್ 1890ರಲ್ಲೇ ಶುರುಮಾಡಿತ್ತು.

ದತ್ತಿನಿಧಿ ಇದೆಯಲ್ಲ!

ಹಾರ್ವರ್ಡ್‌ನ ದತ್ತಿನಿಧಿ, ಅಂದರೆ ಹೂಡಿಕೆ ಮಾಡಿಟ್ಟ ದೇಣಿಗೆಗಳ ಗಂಟು, 2024ರ ಜೂನ್‌ನಲ್ಲಿ ಸುಮಾರು 5,320 ಕೋಟಿ ಡಾಲರ್ ಇತ್ತು. ಅದರ ಐದರಲ್ಲಿ ನಾಲ್ಕು ಪಾಲು ದಾನಿಗಳು ಷರತ್ತು ಹಾಕಿ ಕೊಟ್ಟ ಹಣ: ಈ ವಿಷಯದ ಪ್ರಾಧ್ಯಾಪಕ ಹುದ್ದೆಗೆ, ಆ ಮ್ಯೂಸಿಯಮ್ಮಿಗೆ, ಇಂಥ ವಿದ್ಯಾರ್ಥಿವೇತನಕ್ಕೆ ಎಂದು. ಸಂಸ್ಕೃತ ಪೀಠಕ್ಕೆ ಬಂದದ್ದನ್ನು ಹಾಸ್ಟೆಲ್ ಚಾವಣಿಗೆ ಹಾಕಲು ಬರುವುದಿಲ್ಲ. ಅಸಲನ್ನು ಮುಟ್ಟದೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 4ರಿಂದ 5ರಷ್ಟನ್ನು ಮಾತ್ರ ಖರ್ಚಿಗೆ ತೆಗೆಯುತ್ತಾರೆ. ಷೇರುಪೇಟೆ ಏರಿಳಿದಾಗ ಬಜೆಟ್ ಅಲ್ಲಾಡದಿರಲೆಂದು ಹೆಚ್ಚಿನವರು ಹಿಂದಿನ ಮೂರು ವರ್ಷಗಳ ಸರಾಸರಿ ಮೌಲ್ಯದ ಮೇಲೆ ಈ ಲೆಕ್ಕ ಹಾಕುತ್ತಾರೆ.

ದೇಣಿಗೆ ವಿಭಾಗದವರು ಹೇಳುವ ಈ ವಿವರಣೆ ನಿಜ, ಆದರೆ ಅವರಿಗೆ ಅನುಕೂಲವಾದಷ್ಟು ನಿಜ. ಎಷ್ಟು ಶೇಕಡಾ ತೆಗೆಯಬೇಕೆಂದು ನಿರ್ಧರಿಸುವುದು ಆಡಳಿತ ಮಂಡಳಿಯೇ. ಜೊತೆಗೆ, ವಿದ್ಯಾರ್ಥಿವೇತನಕ್ಕೆಂದು ಹೊಸ ದೇಣಿಗೆ ಬಂದರೆ ಅದುವರೆಗೆ ಸಾಮಾನ್ಯ ಖಾತೆಯಿಂದ ವಿದ್ಯಾರ್ಥಿವೇತನಕ್ಕೆ ಹೋಗುತ್ತಿದ್ದ ಅಷ್ಟೇ ಹಣ ಬೇರೆ ಖರ್ಚಿಗೆ ಬಿಡುವಾಗುತ್ತದೆ. ಷರತ್ತಿನ ಕಾಗದ ಸರಿಯಾಗಿಯೇ ಇರುತ್ತದೆ, ಪರಿಣಾಮ ಮಾತ್ರ ಬೇರೆಲ್ಲೋ ಆಗಿರುತ್ತದೆ. ಇಷ್ಟು ದೊಡ್ಡ ನಿಧಿ ಇರುವುದು ಬೆರಳೆಣಿಕೆಯ ಸಂಸ್ಥೆಗಳಿಗೆ ಎಂಬುದನ್ನೂ ಮರೆಯಬಾರದು. ಸಣ್ಣ ಕಾಲೇಜುಗಳಿಗೆ ವರ್ಷದ ದೇಣಿಗೆ ನಿಜವಾಗಿಯೂ ಉಸಿರು.

ಇಪ್ಪತ್ತೈದು ಡಾಲರ್ ಯಾರಿಗೆ ಬೇಕು?

ಒಂದು ಫೋನ್ ಕರೆಯ ಖರ್ಚು ಕಳೆದರೆ ಇಪ್ಪತ್ತೈದು ಡಾಲರಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಅವರು ಬೆಲೆ ಕಟ್ಟುವುದು ಹಣಕ್ಕಲ್ಲ, ರೂಢಿಗೆ. ಮೂವತ್ತರಲ್ಲಿ ವರ್ಷವರ್ಷ ಸ್ವಲ್ಪ ಕೊಡುವವರೇ ಅರವತ್ತರಲ್ಲಿ ದೊಡ್ಡ ಮೊತ್ತ ಕೊಡುವ, ಉಯಿಲಿನಲ್ಲಿ ಕಾಲೇಜಿನ ಹೆಸರು ಬರೆಯುವ ಸಾಧ್ಯತೆ ಹೆಚ್ಚು. ಅದಕ್ಕೇ ಕಳೆದ ವರ್ಷ ಕೊಟ್ಟು ಈ ವರ್ಷ ಕೊಡದವರಿಗೆ ಆ ಕಚೇರಿಗಳಲ್ಲಿ ಒಂದು ಹೆಸರೇ ಇದೆ: ಲೈಬಂಟ್. ಅವರ ಪಟ್ಟಿಯನ್ನೇ ಮೊದಲು ಹಿಡಿದು ಫೋನ್ ಮಾಡುತ್ತಾರೆ. ಇನ್ನೊಂದು ಕಾರಣ, ಹಳೆ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕೊಟ್ಟರು ಎಂಬ ಶೇಕಡಾವಾರು ಲೆಕ್ಕ. ಕಾಲೇಜುಗಳಿಗೆ ಸ್ಥಾನ ಕೊಡುವ ಯು.ಎಸ್. ನ್ಯೂಸ್ ರ‍್ಯಾಂಕಿಂಗ್ ಇದಕ್ಕೂ ಅಂಕ ಕೊಡುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ಆದರೂ ದೊಡ್ಡ ದಾನಿಗಳ ಮುಂದೆ ತೋರಿಸಲು ಆ ಸಂಖ್ಯೆ ಈಗಲೂ ಬೇಕು.

ಬಹುತೇಕ ಯೂನಿವರ್ಸಿಟಿಗಳ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ದಾನಿಗಳ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ. ಇಮೇಲುಗಳು ಈ ಎರಡು ತಿಂಗಳಲ್ಲಿ ಮುಗಿಬೀಳುವುದು ಅದಕ್ಕೇ. ಫೋನಿನಲ್ಲಿ ಮಾತಾಡುವ ವಿದ್ಯಾರ್ಥಿಯ ಮುಂದೆ ಬರೆದಿಟ್ಟ ಮಾತಿನ ಏಣಿ ಇರುತ್ತದೆ: ಮೊದಲು 250, ಒಲ್ಲೆ ಎಂದರೆ 100, ಮತ್ತೂ ಒಲ್ಲೆ ಎಂದರೆ 50. ಕೊನೆಗೆ "ಈಗಲೇ ಕಾರ್ಡ್ ನಂಬರ್ ಕೊಡಬಹುದಾ?" ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ಕಳಿಸುತ್ತೇನೆ ಎಂದವರಲ್ಲಿ ಹಲವರು ಕಳಿಸುವುದಿಲ್ಲ ಎಂದು ಅವರಿಗೆ ಗೊತ್ತು. ಫೋನಿನಲ್ಲಿ ಕಾರ್ಡ್ ನಂಬರ್ ಕೊಡುವ ಅಗತ್ಯ ಯಾವತ್ತೂ ಇಲ್ಲ. ಲಿಂಕ್ ಕಳಿಸಿ ಎನ್ನಿ. ಅದನ್ನೂ ಒತ್ತದೆ ಯೂನಿವರ್ಸಿಟಿಯ ಸೈಟಿಗೆ ನೀವೇ ಹೋಗಿ.

ಹಣ ಯಾರ ಖಾತೆಗೆ ಎಂದು ಮೊದಲು ನೋಡಿ

ಒಂದೇ ಯೂನಿವರ್ಸಿಟಿಯ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಸಂಸ್ಥೆಗಳು ಕೇಳಬಹುದು: ಯೂನಿವರ್ಸಿಟಿ, ಅದರ ಫೌಂಡೇಶನ್, ಹಳೆ ವಿದ್ಯಾರ್ಥಿ ಸಂಘ, ಕ್ರೀಡಾ ಅಭಿಮಾನಿಗಳ ಕ್ಲಬ್. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ದೇಣಿಗೆ ಹೆಚ್ಚಾಗಿ ಪ್ರತ್ಯೇಕ ಫೌಂಡೇಶನ್ನಿಗೇ ಹೋಗುತ್ತದೆ. ಸಂಸ್ಥೆಯ ಒಂಬತ್ತು ಅಂಕಿಯ ತೆರಿಗೆ ಸಂಖ್ಯೆ ಕೇಳಿ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಸೈಟಿನ ತೆರಿಗೆಮುಕ್ತ ಸಂಸ್ಥೆಗಳ ಹುಡುಕಾಟದಲ್ಲಿ ಹಾಕಿ ನೋಡಿ. ಖಾಸಗಿ ಯೂನಿವರ್ಸಿಟಿಗಳ ಮತ್ತು ಫೌಂಡೇಶನ್ನುಗಳ ಫಾರ್ಮ್ 990 (ಇಂಥ ಸಂಸ್ಥೆಗಳು ವರ್ಷವರ್ಷ ಸಲ್ಲಿಸುವ ಲೆಕ್ಕಪತ್ರ) ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಅದರಲ್ಲಿ ಶೆಡ್ಯೂಲ್ ಡಿಯ ಐದನೇ ಭಾಗ ತೆರೆದರೆ ದತ್ತಿನಿಧಿಗೆ ಆ ವರ್ಷ ಎಷ್ಟು ಸೇರಿತು, ಎಷ್ಟು ಖರ್ಚಿಗೆ ಹೋಯಿತು, ಎಷ್ಟು ಭಾಗ ಶಾಶ್ವತವಾಗಿ ಕಟ್ಟಿಹಾಕಿದ್ದು ಎಂದು ಒಂದೇ ಪುಟದಲ್ಲಿ ಕಾಣುತ್ತದೆ.

ಯಾವುದಕ್ಕೆ ಎಂದು ಬರೆಯುವ ಒಂದು ಸಾಲು

ಮೊತ್ತಕ್ಕಿಂತ ಈ ಸಾಲು ಮುಖ್ಯ. ಯೂನಿವರ್ಸಿಟಿ ಆಫ್ ನ್ಯೂ ಹ್ಯಾಂಪ್‌ಶೈರ್‌ನ ಲೈಬ್ರರಿಯಲ್ಲಿ ಐವತ್ತು ವರ್ಷದ ಹತ್ತಿರ ಕೆಲಸ ಮಾಡಿದ ಕ್ಯಾಟಲಾಗರ್ ಒಬ್ಬರು ಪೈಸೆ ಪೈಸೆ ಉಳಿಸಿ 40 ಲಕ್ಷ ಡಾಲರ್ ಬಿಟ್ಟುಹೋದರು. ಒಂದು ಲಕ್ಷ ಲೈಬ್ರರಿಗೆ ಎಂದಷ್ಟೇ ಷರತ್ತು. ಉಳಿದದ್ದಕ್ಕೆ ಏನೂ ಬರೆದಿರಲಿಲ್ಲ. 2016ರಲ್ಲಿ ಯೂನಿವರ್ಸಿಟಿ ಅದರಲ್ಲಿ ಹತ್ತು ಲಕ್ಷವನ್ನು ಫುಟ್‌ಬಾಲ್ ಕ್ರೀಡಾಂಗಣದ ಸ್ಕೋರ್‌ಬೋರ್ಡಿಗೆ ಇಟ್ಟಿತು. ಊರೆಲ್ಲ ಬೈದರೂ ನಿಯಮ ಮುರಿದಿರಲಿಲ್ಲ.

ವಿರುದ್ಧ ದಿಕ್ಕಿನ ತಪ್ಪೂ ಇದೆ. ಪ್ರಿನ್ಸ್‌ಟನ್‌ಗೆ 1961ರಲ್ಲಿ ರಾಬರ್ಟ್‌ಸನ್ ಕುಟುಂಬ 3.5 ಕೋಟಿ ಡಾಲರ್ ಕೊಟ್ಟದ್ದು ಪದವೀಧರರನ್ನು ಸರ್ಕಾರಿ ಸೇವೆಗೆ ತಯಾರು ಮಾಡಲು. ಹಣ ಬೇರೆಡೆ ಹೋಗುತ್ತಿದೆ ಎಂದು ಮಕ್ಕಳು 2002ರಲ್ಲಿ ಕೋರ್ಟಿಗೆ ಹೋದರು. 2008ರ ಕೊನೆಯಲ್ಲಿ ರಾಜಿ ಆಯಿತು. ಹೊಸದೊಂದು ಫೌಂಡೇಶನ್ನಿಗೆ 5 ಕೋಟಿ, ದಾವೆಯ ಖರ್ಚಿಗೆ 4 ಕೋಟಿ ಡಾಲರನ್ನು ಯೂನಿವರ್ಸಿಟಿ ಕೊಡಬೇಕಾಯಿತು. ಉದ್ದೇಶ ಎಷ್ಟು ಸ್ಪಷ್ಟ ಅನ್ನಿಸಿದರೂ ದಶಕಗಳು ಕಳೆದ ಮೇಲೆ ಅದನ್ನು ಎರಡು ರೀತಿ ಓದಬಹುದು.

ನಡುವಿನ ದಾರಿ ಹೀಗೆ. ವಿಭಾಗದ ಹೆಸರು, ಖರ್ಚಿನ ಬಗೆ, ಕೊನೆಗೆ ಒಂದು ಪರ್ಯಾಯ, ಮೂರೂ ಇರಲಿ: "ಸಿವಿಲ್ ಎಂಜಿನಿಯರಿಂಗ್ ವಿಭಾಗದ ವಿದ್ಯಾರ್ಥಿಗಳಿಗೆ ಆರ್ಥಿಕ ನೆರವು, ಆ ವಿಭಾಗ ಮುಚ್ಚಿದರೆ ಅಥವಾ ಬೇರೆಯದರಲ್ಲಿ ಸೇರಿದರೆ ಎಂಜಿನಿಯರಿಂಗ್ ಕಾಲೇಜಿನ ಯಾವುದೇ ವಿದ್ಯಾರ್ಥಿಗೆ." ಇಂಥ ಊರಿನವರಿಗೆ, ಇಷ್ಟೇ ಅಂಕದವರಿಗೆ, ಈ ವಿಷಯದವರಿಗೆ ಎಂದು ಮೂರು ಷರತ್ತು ಒಟ್ಟಿಗೆ ಹಾಕಿದರೆ ಅರ್ಹರೇ ಸಿಗದೆ ಹಣ ಖಾತೆಯಲ್ಲೇ ಕೊಳೆಯುತ್ತದೆ. ಸೈಟಿನ ಪಟ್ಟಿಯಲ್ಲಿ ಮೊದಲು ಕಾಣುವ "ಅಗತ್ಯ ಹೆಚ್ಚಿರುವಲ್ಲಿಗೆ" ಎಂಬುದು ಷರತ್ತಿಲ್ಲದ ಖಾತೆ. ಕೆಳಗೆ ಹೋಗಿ "ಇತರೆ" ಆರಿಸಿದರೆ ನಿಮ್ಮ ಸಾಲು ಬರೆಯಲು ಜಾಗ ಸಿಗುತ್ತದೆ. ಸಣ್ಣ ಮೊತ್ತ ಕೊಡುವವರಿಗೆ ವಿದ್ಯಾರ್ಥಿಗಳ ತುರ್ತು ನೆರವು ನಿಧಿ ಒಳ್ಳೆಯ ಆಯ್ಕೆ. ಬಾಡಿಗೆ ಕಟ್ಟಲಾಗದವರಿಗೆ, ಊರಿಗೆ ತುರ್ತಾಗಿ ಹೋಗಬೇಕಾದವರಿಗೆ ನೂರಿನ್ನೂರು ಡಾಲರ್ ಕೂಡ ಅದೇ ಸೆಮಿಸ್ಟರಿನಲ್ಲಿ ತಲುಪುತ್ತದೆ.

ನಿಮ್ಮ ಹೆಸರಿನ ದತ್ತಿ ಇಡುವ ಆಸೆಯಿದ್ದರೆ ಗುಣಿಸಿ ನೋಡಿ. ಹಲವು ಕಡೆ ಅದಕ್ಕೆ ಕನಿಷ್ಠ 25,000 ಡಾಲರ್ ಕೇಳುತ್ತಾರೆ. ಶೇ. 4ರಂತೆ ಅದರಿಂದ ವರ್ಷಕ್ಕೆ ಹೊರಬರುವುದು 1,000. ಅದೇ 25,000ವನ್ನು ಐದು ವರ್ಷದಲ್ಲಿ ಖರ್ಚಾಗಲಿ ಎಂದು ಕೊಟ್ಟರೆ ವರ್ಷಕ್ಕೆ 5,000 ಒಬ್ಬ ವಿದ್ಯಾರ್ಥಿಗೆ ಸಿಗುತ್ತದೆ. ಹೆಸರು ಉಳಿಯುವುದು ಮೊದಲನೆಯದರಲ್ಲಿ, ಕೆಲಸಕ್ಕೆ ಬರುವುದು ಎರಡನೆಯದು. ದೇಣಿಗೆ ಬಂದ ಕೂಡಲೇ ಆಡಳಿತ ವೆಚ್ಚವೆಂದು ಒಂದಿಷ್ಟು ಹಿಡಿಯುವ ಪದ್ಧತಿಯೂ ಕೆಲವೆಡೆ ಇದೆ, ಶೇಕಡಾ ಎಷ್ಟು ಎಂದು ಮೊದಲೇ ಕೇಳಿ.

ಯಾವ ದಾರಿಯಲ್ಲಿ ಕಳಿಸಬೇಕು

ಮೊದಲು ನೀವು ಕೆಲಸ ಮಾಡುವ ಕಂಪನಿಯ ಪೋರ್ಟಲ್ ನೋಡಿ. ಉದ್ಯೋಗಿ ಕೊಟ್ಟಷ್ಟೇ ತಾನೂ ಕೊಡುವ ಕಂಪನಿಗಳು ಅಮೆರಿಕದಲ್ಲಿ ಸಾಕಷ್ಟಿವೆ. ಅದನ್ನು ಕೇಳುವ ಗಡುವು ತಪ್ಪಿದರೆ ಅಷ್ಟೂ ಹೋಯಿತು. ಕ್ರೀಡಾ ಕ್ಲಬ್ಬಿಗೆ ಕೊಟ್ಟದ್ದಕ್ಕೆ ಈ ಜೋಡಿ ದೇಣಿಗೆ ಹೆಚ್ಚಾಗಿ ಸಿಗುವುದಿಲ್ಲ.

ಬೆಲೆ ಏರಿರುವ ಷೇರು ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮಲ್ಲಿದ್ದರೆ ಮಾರಿ ಹಣ ಕೊಡಬೇಡಿ, ಷೇರನ್ನೇ ವರ್ಗಾಯಿಸಿ. ಲಾಭದ ಮೇಲಿನ ತೆರಿಗೆ ಉಳಿಯುತ್ತದೆ, ಪೂರ್ತಿ ಮಾರುಕಟ್ಟೆ ಬೆಲೆಗೆ ತೆರಿಗೆ ಬೀಳುವ ಆದಾಯದಲ್ಲಿ ಕಡಿತ ಸಿಗುತ್ತದೆ. ನಷ್ಟದಲ್ಲಿರುವ ಷೇರಾದರೆ ಉಲ್ಟಾ: ಮಾರಿ, ನಷ್ಟ ತೋರಿಸಿ, ಹಣ ಕೊಡಿ. ವರ್ಗಾವಣೆಗೆ ಯೂನಿವರ್ಸಿಟಿಯ ಬ್ರೋಕರ್‌ನ ಡಿಟಿಸಿ ಸಂಖ್ಯೆ (ಷೇರು ವರ್ಗಾವಣೆಗೆ ಬಳಸುವ ಬ್ರೋಕರ್ ಗುರುತು ಸಂಖ್ಯೆ) ಮತ್ತು ಖಾತೆ ಸಂಖ್ಯೆ ಬೇಕು. ಹೆಚ್ಚು ಎಡವುವುದು ಇಲ್ಲೇ. ಷೇರು ತಲುಪಿದರೂ ಜೊತೆಗೆ ಕೊಟ್ಟವರ ಹೆಸರು ಹಲವು ಸಲ ತಲುಪುವುದಿಲ್ಲ. ಯಾವ ಷೇರು, ಎಷ್ಟು, ಯಾವ ದಿನ, ಯಾವ ನಿಧಿಗೆ ಎಂದು ಅದೇ ದಿನ ದೇಣಿಗೆ ವಿಭಾಗಕ್ಕೆ ಇಮೇಲ್ ಹಾಕದಿದ್ದರೆ ಅದು ಅನಾಥವಾಗಿ ಬಿದ್ದಿರುತ್ತದೆ. ದೇಣಿಗೆಯ ದಿನಾಂಕ ಅವರ ಖಾತೆಗೆ ಸೇರಿದ ದಿನ, ನೀವು ಆದೇಶ ಕೊಟ್ಟ ದಿನವಲ್ಲ. ಡಿಸೆಂಬರಿನ ಕೊನೆಯ ವಾರಕ್ಕೆ ಬಿಡಬೇಡಿ. ಅಂಚೆಯಲ್ಲಿ ಹಾಕಿದ ಚೆಕ್‌ಗೆ ಅಂಚೆಗೆ ಹಾಕಿದ ದಿನವೇ ಲೆಕ್ಕ, ಕಾರ್ಡಿಗೆ ಹಣ ಎಳೆದ ದಿನ.

70½ ವಯಸ್ಸು ದಾಟಿದವರು ನಿವೃತ್ತಿಗೆಂದು ಉಳಿಸುವ ಐಆರ್‌ಎ ಖಾತೆಯಿಂದ ನೇರವಾಗಿ ಕಳಿಸಿದರೆ ಆ ಮೊತ್ತ ಆದಾಯಕ್ಕೇ ಸೇರುವುದಿಲ್ಲ. 2025ಕ್ಕೆ ಮಿತಿ 1,08,000 ಡಾಲರ್.

ತೆರಿಗೆ ಮತ್ತು ರಸೀದಿ

ಅಮೆರಿಕದಲ್ಲಿ ರಿಟರ್ನ್ ಸಲ್ಲಿಸದವರು ಇದನ್ನು ಬಿಟ್ಟು ಮುಂದೆ ಹೋಗಬಹುದು. 2022ರಿಂದ 2025ರವರೆಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ವಿವರ ಕೊಡದೆ ಎಲ್ಲರಿಗೂ ಸಿಗುವ ನಿಗದಿತ ಕಡಿತ) ತೆಗೆದುಕೊಳ್ಳುವವರಿಗೆ ದೇಣಿಗೆಯಿಂದ ತೆರಿಗೆ ಉಳಿತಾಯ ಇರಲಿಲ್ಲ. 2026ರಿಂದ ಅವರಿಗೂ ನಗದು ದೇಣಿಗೆಗೆ 1,000 ಡಾಲರ್, ಜಂಟಿ ರಿಟರ್ನಿಗೆ 2,000 ಡಾಲರ್‌ವರೆಗೆ ಕಡಿತ ಇದೆ. ಷೇರಿಗೂ, ದಾನಿ ನಿರ್ದೇಶಿತ ನಿಧಿಗೆ (ಮೊದಲು ಹಣ ಇಟ್ಟು, ಯಾರಿಗೆ ಕೊಡಬೇಕೆಂದು ಆಮೇಲೆ ಸೂಚಿಸುವ ಖಾತೆ) ಹಾಕಿದ್ದಕ್ಕೂ ಇದು ಸಿಗದು. ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ ಹೊಸ ಕತ್ತರಿ ಬಿದ್ದಿದೆ: ಆದಾಯದ ಶೇ. 0.5ರಷ್ಟು ಮೊದಲ ಭಾಗ ಲೆಕ್ಕಕ್ಕಿಲ್ಲ. 1,20,000 ಆದಾಯವಿದ್ದರೆ ಮೊದಲ 600 ಡಾಲರಿಗೆ ಕಡಿತವಿಲ್ಲ. ಹಾಗಾಗಿ ವರ್ಷವರ್ಷ ಕೊಡುವುದಕ್ಕಿಂತ ಎರಡು ಮೂರು ವರ್ಷದ್ದನ್ನು ಒಂದೇ ವರ್ಷ ಕೊಡುವುದು ಇವರಿಗೆ ಲಾಭ.

ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟರೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲದು, ಸಂಸ್ಥೆಯ ಲಿಖಿತ ರಸೀದಿ ಬೇಕು, ಅದೂ ರಿಟರ್ನ್ ಸಲ್ಲಿಸುವ ಮೊದಲೇ. ಪ್ರತಿಯಾಗಿ ನಿಮಗೆ ಏನಾದರೂ ಸಿಕ್ಕಿತೇ ಎಂಬುದು ಅದರಲ್ಲಿರಬೇಕು. 200 ಡಾಲರ್ ಕೊಟ್ಟು 80 ಡಾಲರಿನ ಊಟ ಮಾಡಿದರೆ ಕಡಿತ 120ಕ್ಕೆ ಮಾತ್ರ. ಕ್ರೀಡಾಂಗಣದ ಸೀಟು ಕೊಳ್ಳುವ ಹಕ್ಕಿಗಾಗಿ ಕೊಟ್ಟದ್ದಕ್ಕೆ 2018ರಿಂದ ಏನೂ ಸಿಗುವುದಿಲ್ಲ. ರಸೀದಿಯಲ್ಲಿ ನಿಧಿಯ ಹೆಸರನ್ನೂ ಓದಿ. ನೀವು ಬರೆದ ಸಾಲಿನ ಬದಲು ಸಾಮಾನ್ಯ ನಿಧಿ ಎಂದಿದ್ದರೆ ಆಗಲೇ ತಿದ್ದಿಸಿ, ವರ್ಷದ ಲೆಕ್ಕ ಮುಚ್ಚಿದ ಮೇಲೆ ಕಷ್ಟ.

ಬೇಡ ಎನ್ನುವುದು

ಶೇ. 7ರ ಬಡ್ಡಿಯ ಸಾಲ ತಲೆಮೇಲಿರುವವರು ಕೊಡಬೇಕಾಗಿಲ್ಲ. ಅದಕ್ಕೆ ಸಬೂಬೂ ಬೇಕಿಲ್ಲ. "ಮುಂದಿನ ವರ್ಷ ನೋಡೋಣ" ಎಂದರೆ ಮುಂದಿನ ವರ್ಷ ಕರೆ ಬಂದೇ ಬರುತ್ತದೆ, ಅವರು ಹಾಗೇ ಗುರುತು ಹಾಕಿಕೊಳ್ಳುತ್ತಾರೆ. ಐದು ವರ್ಷ ಇಷ್ಟಿಷ್ಟು ಕೊಡುತ್ತೇನೆ ಎಂಬ ವಾಗ್ದಾನ ಪತ್ರಕ್ಕೆ ಸಹಿ ಹಾಕುವ ಮುನ್ನ ಅದು ಕಾನೂನಿನಂತೆ ಕಟ್ಟುಪಾಡೋ, ಬರೀ ಉದ್ದೇಶವೋ ಎಂದು ಓದಿ. "ಉದ್ದೇಶ" ಎಂದೇ ಬರೆಸಿಕೊಳ್ಳಿ.

ಕರೆಗಳು ಪೂರ್ತಿ ನಿಲ್ಲಬೇಕಾದರೆ ಸರ್ಕಾರದ ಡು ನಾಟ್ ಕಾಲ್ ಪಟ್ಟಿಯಿಂದ ಆಗದು, ದತ್ತಿ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಇದೆ. ದೇಣಿಗೆ ವಿಭಾಗದ ದಾಖಲೆ ಶಾಖೆಗೆ ಇಮೇಲ್ ಬರೆಯಿರಿ: ಪೂರ್ತಿ ಹೆಸರು, ಪದವಿಯ ವರ್ಷ, ಫೋನ್ ನಂಬರ್, ಹಾಗೂ "ದೇಣಿಗೆ ಕೇಳಬೇಡಿ" ಅಥವಾ "ಸಂಪರ್ಕವೇ ಬೇಡ" ಎರಡರಲ್ಲಿ ಒಂದು. ಎರಡನೆಯದನ್ನು ಆರಿಸಿದರೆ ಬ್ಯಾಚಿನ ಪುನರ್ಮಿಲನದ ಆಹ್ವಾನವೂ ನಿಲ್ಲುತ್ತದೆ. ಸಂಘ ಮತ್ತು ಕ್ರೀಡಾ ಕ್ಲಬ್ಬಿನ ಪಟ್ಟಿಗಳು ಬೇರೆ ಇದ್ದರೆ ಅವಕ್ಕೂ ಪ್ರತ್ಯೇಕವಾಗಿ ಬರೆಯಬೇಕು.