ಸಮೀಕರಣ ಬಂದ ಕಡೆ ರೆಕಾರ್ಡಿಂಗ್ ತಾಳೆಯಾಗದಿದ್ದರೆ

ಸ್ಪೀಚ್ ಮಾಡೆಲ್‌ಗಾಗಿ (ಧ್ವನಿ ಮತ್ತು ಬರಹದ ಜೋಡಿಗಳಿಂದ ಮಾತು ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ) ಡಿಫರೆನ್ಶಿಯಲ್ ಈಕ್ವೇಶನ್ ಬಗೆಗಿನ ಇಂಗ್ಲಿಷ್ ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದೆ. ಸಮೀಕರಣ ಬಂದ ಕಡೆಯೆಲ್ಲ ಆಡಿಯೋಗೂ ಬರಹಕ್ಕೂ ತಾಳೆ ತಪ್ಪುತ್ತಿತ್ತು.

ಮೈಕ್ ಬದಲಿಸಿದೆ, ನಿಧಾನವಾಗಿ ಓದಿದೆ, ಆಗಲಿಲ್ಲ. ನಾಯ್ಸ್ ರಿಡಕ್ಷನ್ (ಹಿನ್ನೆಲೆ ಗದ್ದಲ ತಗ್ಗಿಸುವ ಸೆಟ್ಟಿಂಗ್) ಜಾಸ್ತಿ ಮಾಡಿದರೆ ‘ಎಕ್ಸ್’ ಕೊನೆಯ ‘ಸ್’ ಸದ್ದೇ ಮಾಯ.

ತೊಂದರೆ ಇದ್ದದ್ದು ಬರಹದಲ್ಲಿ. ಅಲ್ಲಿ ಬರೀ ಚಿಹ್ನೆ ಇತ್ತು. dy/dx ಎಂಬ ಒಂದೇ ಚಿಹ್ನೆಯನ್ನು ನಾನು ಒಮ್ಮೆ ‘ಡಿ ವೈ ಬೈ ಡಿ ಎಕ್ಸ್’, ಇನ್ನೊಮ್ಮೆ ‘ಡಿ ವೈ ಓವರ್ ಡಿ ಎಕ್ಸ್’ ಎಂದು ಓದಿದ್ದೆ. ಎರಡೂ ಸರಿಯೇ. ಆದರೆ ಯಾವುದನ್ನು ಹೇಳಿದೆ ಅಂತ ಬರಹದಲ್ಲಿ ಇರಬೇಕಲ್ವಾ?

ಮೊದಲು ಪ್ರತಿ ಚಿಹ್ನೆಯನ್ನೂ ಬಾಯಲ್ಲಿ ಹೇಳುವ ಹಾಗೇ ಪದಗಳಲ್ಲಿ ಬರೆದೆ. ಆಮೇಲೆ ಅದನ್ನೇ ನೋಡಿ ಓದಿದೆ. ಮಾತು ಬದಲಾದ ಕಡೆ ಬರಹ ತಿದ್ದಿದೆ. ರೆಕಾರ್ಡಿಂಗ್ 48000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಧ್ವನಿಯ ಅಳತೆ), ಮೋನೋ (ಒಂದೇ ಚಾನೆಲ್), ನಾಯ್ಸ್ ರಿಡಕ್ಷನ್ ಆಫ್. ಹಿಂದೆ ಮುಂದೆ ಅರ್ಧ ಸೆಕೆಂಡ್ ಮೌನ. ಕೊನೆಗೆ ಅದನ್ನು 16000 ಹರ್ಟ್ಸ್, 16 ಬಿಟ್ ವೇವ್ ಫೈಲ್ ಆಗಿ ಬದಲಿಸಿದೆ.